ವಾರಕ್ಕೆ ಎಷ್ಟು ಸೌನಾ

ಏಪ್ರಿಲ್ 28, ಭಾನುವಾರ

"ನನ್ನ ಮೇಲೆ ಹರಿಹಾಯೋ ಬದಲು ಎಲ್ಲಾನೂ ಬರೆದಿಡು ವಿರ್ಪಿ, ನಿನಗೂ ನೆಮ್ಮದಿ, ನನಗೂ ನೆಮ್ಮದಿ" ಎಂದು ಇಲ್ಪೊ ಹೇಳಿದ. ಸರಿ, ಬರೆಯುತ್ತೇನೆ. ಮೊದಲನೆಯದಾಗಿ, ತಪ್ಪು ಇಲ್ಪೊನದೇ.

ಸೌನಾದ ಹಬೆಮನೆಯ ಮುಂದಿನ ಜಗಲಿ ಕೊಳೆತು ಹೋಗಿದೆ, ಹೊಸ ಹಲಗೆ ಹಾಕು ಎಂದು ಹಿಮ ಬೀಳುವುದಕ್ಕೆ ಮುಂಚಿನಿಂದ ಹೇಳುತ್ತಿದ್ದೆ. ಇವತ್ತು ಊಟದ ಹೊತ್ತಿಗೆ ಕೈ ಒರೆಸಿಕೊಳ್ಳುತ್ತಾ ಬಂದು "ಜಗಲಿ ಆಯ್ತು" ಎಂದ. ನಾನು ಖುಷಿಯಾಗಿ ಕಾಫಿ ಲೋಟ ಹಿಡಿದು ಸರೋವರದ ಕಡೆ ಇಳಿದು, ಜಗಲಿಯ ಮೇಲೆ ಕೂತೆ. ಕೂತ ಹಾಗೇ ಎದ್ದೆ. ಹಲಗೆ ಹೊಸದೇನೋ ಹೌದು, ಆದರೆ ಉಜ್ಜಿಲ್ಲ, ಬಣ್ಣವಿಲ್ಲ, ಮೇಲಿನ ಮೆಟ್ಟಿಲೇ ಇಲ್ಲ. ಬೇರೆಯವರಿಗೆ ತೋರಿಸಲಾಗದ ಜಾಗದಿಂದ ಸಿಬಿರು ತೆಗೆಸಿಕೊಳ್ಳಲು ಅದೇ ಇಲ್ಪೊನನ್ನೇ ಕರೆಯಬೇಕಾಯಿತು. ಆಯ್ತು ಎಂದು ಯಾಕೆ ಸುಳ್ಳು ಹೇಳಿದೆ ಎಂದರೆ, "ನಿಂತ್ಕೊಂಡ್ರೆ ಮುರಿಯಲ್ಲ, ಅಂದ್ಮೇಲೆ ಆಯ್ತು ತಾನೇ" ಎಂದ. ಈ ಮನುಷ್ಯನ ಜೊತೆ ಇಷ್ಟು ವರ್ಷ ಹೇಗೆ ಸಂಸಾರ ಮಾಡಿದೆನೋ.

ನಿಜವಾದ ಸಂಕಟ ಜಗಲಿಯದಲ್ಲ. ಮುಂದಿನ ತಿಂಗಳ ಇಪ್ಪತ್ತೈದಕ್ಕೆ ನನ್ನ ಡಾಕ್ಟರೇಟ್ ಪ್ರಬಂಧದ ಬಹಿರಂಗ ವಾದ. ಆರೋಗ್ಯ ಕೇಂದ್ರದಲ್ಲಿ ನರ್ಸ್ ಕೆಲಸ ಮಾಡುತ್ತಲೇ ಏಳು ವರ್ಷ ಊರಿನವರ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ಅಳೆದು ಬರೆದದ್ದು ಅದು. ಸಾರ ಇಷ್ಟೆ: ವಾರಕ್ಕೆ ನಾಲ್ಕು ಬಾರಿ ಅಥವಾ ಅದಕ್ಕೂ ಹೆಚ್ಚು ಸೌನಾಕ್ಕೆ ಹೋಗುವವರ ರಕ್ತದೊತ್ತಡ ಉಳಿದವರಿಗಿಂತ ಕಡಿಮೆ. ಫಿನ್ಲೆಂಡಿನಲ್ಲಿ ಇದನ್ನು ಕೇಳಿ ಯಾರೂ ಹುಬ್ಬೇರಿಸುವುದಿಲ್ಲ. ಹುಬ್ಬೇರಿಸಿದವರು ಜರ್ಮನಿಯ ಪ್ರೊಫೆಸರ್ ರೋಸ್ವಿಟಾ ಟೀಡೆಮನ್. ಅವರೂ ತಮ್ಮ ಊರಿನಲ್ಲಿ ಇದೇ ಪ್ರಶ್ನೆ ಕೇಳಿ, ಇಂಥದೇ ಯಂತ್ರದಲ್ಲಿ ಅಳೆದು, ನಾಲ್ಕು ಬಾರಿ ಹೋದರೂ ಏನೂ ಆಗುವುದಿಲ್ಲ ಎಂದು ಬರೆದವರು. ನನ್ನ ಪ್ರಬಂಧವನ್ನು ಪರೀಕ್ಷಿಸುವ ಎದುರಾಳಿಯಾಗಿ ವೇದಿಕೆ ಮೇಲೆ ಕೂರುವವರು ಅವರೇ.

ಅವರನ್ನು ಕರೆಸಿದ್ದು ನನ್ನ ಮಾರ್ಗದರ್ಶಕರಾದ ಪ್ರೊಫೆಸರ್ ಔಲಿಸ್. ಇಬ್ಬರಿಗೂ ಮೊದಲಿನಿಂದ ಆಗಿಬರುವುದಿಲ್ಲ. ಔಲಿಸ್ ಈ ಶರತ್ಕಾಲಕ್ಕೆ ನಿವೃತ್ತರಾಗುತ್ತಾರೆ, ಅದಕ್ಕೆ ಮುಂಚೆ ಆಕೆಯ ಬಾಯಲ್ಲೇ ಒಪ್ಪಿಸಬೇಕಂತೆ. ಒಪ್ಪಿಸಬೇಕಾದವಳು ನಾನು. ಸೋತರೆ ಏಳು ವರ್ಷವೂ ನೀರುಪಾಲು, ಔಲಿಸ್ ಅವರ ಮುಖವೂ ಸಣ್ಣದಾಗುತ್ತದೆ. ಗೆಲ್ಲಲೇಬೇಕು.

ಮೇ 2, ಗುರುವಾರ

ನಿನ್ನೆ ವಸಂತದ ಹಬ್ಬ. ಅತ್ತೆ ಔನೆ ಮಾಡಿದ ನಿಂಬೆಯ ಪಾನಕ ಕುಡಿದು, ಎಣ್ಣೆಯಲ್ಲಿ ಕರಿದ ಸಕ್ಕರೆ ಬನ್ನು ತಿಂದು, ಇವತ್ತು ಸ್ಕರ್ಟಿನ ಗುಂಡಿ ಹಾಕಲು ಉಸಿರು ಬಿಗಿಹಿಡಿಯಬೇಕಾಯಿತು.

ಮಧ್ಯಾಹ್ನ ಔಲಿಸ್ ಅವರ ಕೋಣೆಯಲ್ಲಿ ತಾಲೀಮು. ಅವರು ಟೀಡೆಮನ್ ಆಗಿ ನಟಿಸುತ್ತಾರೆ, ನಾನು ಉತ್ತರ ಕೊಡುತ್ತೇನೆ. ಅವರ ನಟನೆಯಲ್ಲಿ ಆಕೆಗೆ ಕೀರಲು ದನಿ, ಸೊಟ್ಟ ಮೂತಿ. ಹಿಂದೊಮ್ಮೆ ಆಕೆ ಬರೆದ ಒಂದು ವಾಕ್ಯ ಔಲಿಸ್ ಅವರಿಗೆ ಬಾಯಿಪಾಠವಾಗಿದೆ: ಫಿನ್ಲೆಂಡಿನ ಸಂಶೋಧಕರು ಸೌನಾವನ್ನು ಅಳೆಯುವುದಕ್ಕಿಂತ ಪ್ರೀತಿಸುವುದೇ ಹೆಚ್ಚು. ಇದನ್ನು ಹೇಳುವಾಗಲೆಲ್ಲ ಅವರ ಕಿವಿ ಕೆಂಪಾಗುತ್ತದೆ.

"ನೋಡಮ್ಮ ವಿರ್ಪಿ, ಅವಳ ಯಂತ್ರ ಕೆಟ್ಟಿರಬೇಕು, ಇಲ್ಲಾ ಅವಳ ಜನ ಸುಳ್ಳು ಹೇಳಿರಬೇಕು. ಮೂರನೇದು ಇರೋಕೇ ಸಾಧ್ಯ ಇಲ್ಲ" ಎಂದರು.

ನಾನೂ ತಲೆಯಾಡಿಸಿದೆ. ಯಂತ್ರದ ಬಗ್ಗೆ ಆರು ಖಾರದ ಉತ್ತರ ಸಿದ್ಧ ಮಾಡಿಕೊಂಡು ಬಂದಿದ್ದೇನೆ. ದಾರಿಯಲ್ಲಿ ಬಸ್ಸಿನಲ್ಲಿ ಅವನ್ನು ಗೊಣಗಿಕೊಳ್ಳುತ್ತಿದ್ದೆನಂತೆ. ಪಕ್ಕದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಮೇ 8, ಬುಧವಾರ

ಕೇಂದ್ರಕ್ಕೆ ದೋಣಿ ರಿಪೇರಿ ಮಾಡುವ ಮುದುಕ ಬಂದಿದ್ದ. ಮದ್ಯಪಾನ ಉಂಟೇ ಎಂದರೆ, ಒಂದು ತೊಟ್ಟೂ ಇಲ್ಲ ಎಂದ. ಅವನ ಕೈಚೀಲದಲ್ಲಿ ಬಿಯರ್ ಡಬ್ಬಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಇದೇನು ಎಂದು ಕೇಳಿದೆ. "ಅದು ಬಿಯರು ಕಣಮ್ಮ, ನೀನು ಕೇಳಿದ್ದು ಮದ್ಯ" ಎಂದು ನನಗೇ ತಿಳಿವಳಿಕೆ ಹೇಳಿದ. ಎಂಥ ಸುಳ್ಳುಗಾರ. ಚೆನ್ನಾಗಿ ಝಾಡಿಸಿ ಕಳಿಸಿದೆ.

ಜಗಲಿಗೆ ಬಣ್ಣ ಬಿದ್ದಿಲ್ಲ.

ಮೇ 14, ಮಂಗಳವಾರ

ಇವತ್ತು ಪ್ರಬಂಧಕ್ಕೆ ಮೊಳೆ ಹೊಡೆದೆವು. ಹಿಂದಿನವರು ಮಾಡುತ್ತಿದ್ದ ಹಾಗೆ ಪ್ರತಿಯ ಮೂಲೆಗೆ ತೂತು ಕೊರೆದು, ದಾರ ಕಟ್ಟಿ, ವಿಶ್ವವಿದ್ಯಾಲಯದ ಹಜಾರದ ಹಲಗೆಗೆ ಸುತ್ತಿಗೆಯಿಂದ ಹೊಡೆದು ನೇತುಹಾಕುವುದು. ನನ್ನ ಮೊದಲ ಮೊಳೆ ಸೊಟ್ಟಗಾಯಿತು. ಔಲಿಸ್ ಇನ್ನೊಂದು ಕೊಟ್ಟು, "ಇದು ಟೀಡೆಮನ್ ತಲೆ ಅಂದ್ಕೊಂಡು ಹೊಡಿ" ಎಂದರು. ಒಂದೇ ಏಟಿಗೆ ಒಳಹೋಯಿತು.

ಇನ್ನು ಒಂದಕ್ಷರ ಬದಲಾಯಿಸುವಂತಿಲ್ಲ. ಯಾರು ಬೇಕಾದರೂ ಬಂದು ಓದಬಹುದು, ತಪ್ಪು ಹುಡುಕಬಹುದು. ಹುಡುಕಲಿ. ಪಟ್ಟಿಯ ಅಗಲ, ಕುರ್ಚಿಯ ಎತ್ತರ, ಕಾಫಿ ಕುಡಿದು ಎಷ್ಟು ಹೊತ್ತಾದ ಮೇಲೆ ಅಳೆದೆ ಎನ್ನುವುದು, ಎಲ್ಲವನ್ನೂ ಬರೆದಿದ್ದೇನೆ. ಹೆಮ್ಮೆಯಿಂದ ಬಹಳ ಹೊತ್ತು ಅಲ್ಲೇ ನಿಂತಿದ್ದೆ. ಸಫಾಯಿಯವನು ಬಂದು ಕಾಲೆತ್ತಿ ಎಂದ ಮೇಲೆ ಹೊರಟೆ.

ಮೇ 19, ಭಾನುವಾರ

ಔತಣದ ಗಲಾಟೆ. ವಾದ ಮುಗಿದ ಸಂಜೆ ಎದುರಾಳಿಯ ಗೌರವಾರ್ಥ ಊಟ ಹಾಕಬೇಕಾದ್ದು ಅಭ್ಯರ್ಥಿಯ ಕರ್ತವ್ಯ. ಅತ್ತೆಗೆ ಇದು ಅರ್ಥವೇ ಆಗುತ್ತಿಲ್ಲ. "ಮಧ್ಯಾಹ್ನ ಎಲ್ಲರ ಎದುರು ನಿನ್ನ ಮಾನ ತೆಗೀತಾಳೆ, ಸಂಜೆ ನೀನೇ ಅವಳಿಗೆ ಮೀನು ಬಡಿಸ್ಬೇಕಾ" ಎಂದು ಮೂರು ಸಲ ಕೇಳಿದರು. ಮೀನಿನಲ್ಲಿ ಮುಳ್ಳು ಬಿಟ್ಟಿರಲೇ ಎಂದೂ ಕೇಳಿದರು. ತಮಾಷೆಗೆ ಕೇಳಿದರೋ ಏನೋ, ಅತ್ತೆಯ ಮುಖ ನೋಡಿ ಹೇಳಲಾಗುವುದಿಲ್ಲ.

ಔಲಿಸ್ ಫೋನ್ ಮಾಡಿ, ತನ್ನನ್ನು ಟೀಡೆಮನ್ ಪಕ್ಕ ಕೂರಿಸಬೇಡ ಎಂದರು. ಅಭ್ಯರ್ಥಿಯ ಒಂದು ಬದಿಗೆ ಎದುರಾಳಿ, ಇನ್ನೊಂದು ಬದಿಗೆ ಮಾರ್ಗದರ್ಶಕ ಕೂರುವುದು ಪದ್ಧತಿ, ನಡುವೆ ಗೋಡೆಯಂತೆ ನಾನಿರುತ್ತೇನೆ ಎಂದು ಸಮಾಧಾನ ಹೇಳಿದೆ. "ನೀನು ಸ್ವಲ್ಪ ಮುಂದಕ್ಕೆ ಬಾಗಿ ಕೂತ್ಕೋ, ಅವಳು ಕಾಣದ ಹಾಗೆ" ಎಂದರು. ಅರವತ್ತೇಳು ವರ್ಷದ ಮನುಷ್ಯ.

ಪದವಿ ಸಿಕ್ಕರೆ ಮುಂದೆ ಒಂದು ದಿನ ಸಮಾರಂಭದಲ್ಲಿ ಉದ್ದ ಟೋಪಿ, ಜೊತೆಗೆ ಖಡ್ಗ, ಡಾಕ್ಟರೇಟ್ ಆದವರ ಗುರುತಾಗಿ. ಮನೆಯಲ್ಲಿ ಖಡ್ಗ ಬಂದ ಮೇಲೆ ಜಗಲಿ ಬಗ್ಗೆ ವಾದ ಮಾಡುವುದಿಲ್ಲ ಎಂದು ಇಲ್ಪೊ ಅಂದ. ಈಗಲೇ ಮಾಡಬೇಡ ಎಂದೆ. ಮೆಟ್ಟಿಲು ಬಂದಿದೆ. ಬಣ್ಣ ಇನ್ನೂ ಇಲ್ಲ.

ಮೇ 24, ಶುಕ್ರವಾರ, ಸಂಜೆ

ಮೊದಲಿನಿಂದ ಬರೆಯುತ್ತೇನೆ.

ಮಧ್ಯಾಹ್ನದ ರೈಲಿಗೆ ಪ್ರೊಫೆಸರ್ ಟೀಡೆಮನ್ ಬಂದರು. ಕೀರಲು ದನಿಯೂ ಇಲ್ಲ, ಸೊಟ್ಟ ಮೂತಿಯೂ ಇಲ್ಲ. ಗುಂಡಗೆ, ಗಟ್ಟಿಮುಟ್ಟಾಗಿ, ನಮ್ಮ ಕೇಂದ್ರದ ಹಳೆಯ ಹೆಡ್ ನರ್ಸ್ ಥರ ಇದ್ದಾರೆ. ಬಂದ ಅತಿಥಿಯನ್ನು ಸೌನಾಕ್ಕೆ ಕರೆಯದೆ ಇರುವುದುಂಟೇ? ಇಲ್ಪೊ ಬೆಳಿಗ್ಗೆಯಿಂದ ಸೌದೆ ಒಡೆದಿದ್ದ. ನಾಳಿನ ವಾದ ಮುಗಿಯುವ ತನಕ ಎದುರಾಳಿಯ ಜೊತೆ ಪ್ರಬಂಧದ ಮಾತು ಆಡಬಾರದು, ಅದು ಸಭ್ಯತೆಯಲ್ಲ. ಹಾಗಾಗಿ ರೈಲಿನ ಬಗ್ಗೆ, ಸೊಳ್ಳೆಯ ಬಗ್ಗೆ, ಮತ್ತೆ ರೈಲಿನ ಬಗ್ಗೆ ಮಾತಾಡಿದೆವು. ಹೆಸರು ಹಿಡಿದು ಕರೆಯಿರಿ ಎಂದರು. ರೋಸ್ವಿಟಾ ಎಂದು ಕರೆದೆ. ಒಳಗೊಳಗೇ ಔಲಿಸ್ ಅವರ ಕ್ಷಮೆ ಕೇಳಿದೆ.

ಹೆಂಗಸರು ಮೊದಲು ಎಂದು ಅತ್ತೆ, ನಾನು, ರೋಸ್ವಿಟಾ ಒಳಗೆ ಹೋದೆವು. ಅವರ ಕೈಯಲ್ಲಿ ಟವೆಲಿನ ಜೊತೆ ಒಂದು ಸಣ್ಣ ಮರಳು ಗಡಿಯಾರ. ಊರಿಂದಲೇ ತಂದದ್ದು. ಅದನ್ನು ಮಗುಚಿ ಪಕ್ಕದಲ್ಲಿಟ್ಟು, ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ ಕೂತರು. ಅತ್ತೆ ಹೇಳದೆ ಕೇಳದೆ ಒಂದು ಸೌಟು ನೀರೆತ್ತಿ ಬಿಸಿ ಕಲ್ಲಿನ ಮೇಲೆ ಸುರಿದರು. ಬುಸ್ಸೆಂದು ಹಬೆ ಎದ್ದದ್ದಕ್ಕೆ ರೋಸ್ವಿಟಾ ಹೌಹಾರಿದರು. ಅವರಲ್ಲಿ ನೀರು ಹಾಕಲು ಬೇರೆ ಒಬ್ಬ ಮನುಷ್ಯ ಇರುತ್ತಾನಂತೆ, ಗಂಟೆಗೊಮ್ಮೆ ಬಂದು ಹಾಕಿ ಹೋಗುತ್ತಾನಂತೆ. ಇದನ್ನು ಅತ್ತೆಗೆ ತರ್ಜುಮೆ ಮಾಡಿ ಹೇಳಿದೆ. "ಕೈ ನೋವಾ ಅವರಿಗೆ" ಎಂದು ಕೇಳಿದರು.

ಮರಳು ಇಳಿದ ಕೂಡಲೇ ರೋಸ್ವಿಟಾ ಎದ್ದು ಹೊರಗೆ ಹೋಗಿ, ತಣ್ಣೀರು ಸುರಿದುಕೊಂಡು, ಬಣ್ಣವಿಲ್ಲದ ಜಗಲಿಯ ಮೇಲೆ ಟವೆಲ್ ಹಾಸಿ ಅಂಗಾತ ಮಲಗಿದರು. ಸಾಕಷ್ಟು ಹೊತ್ತಾದ ಮೇಲೆ ಒಳಬಂದು ಮತ್ತೆ ಗಡಿಯಾರ ಮಗುಚಿದರು. ಹೀಗೇ ಇನ್ನೊಂದು ಸುತ್ತು. ನಾವು ನಮ್ಮ ಪಾಡಿಗೆ ಒಳಗೆ, ಹೊರಗೆ, ಸರೋವರಕ್ಕೆ, ಮತ್ತೆ ಒಳಗೆ. ಅತ್ತೆ ನಡುವೆ ಹೋಗಿ ಆಲೂಗಡ್ಡೆಗೆ ಉಪ್ಪು ಹಾಕಿ ಬಂದರು.

ಆಮೇಲೆ ಜಗಲಿಯಲ್ಲಿ ಕೂತು, ಮುಂದಿನ ಬೆಂಕಿಯಲ್ಲಿ ಸುಟ್ಟ ಸಾಸೇಜಿಗೆ ಸಾಸಿವೆ ಹಚ್ಚಿಕೊಂಡು ತಿನ್ನುತ್ತಿದ್ದೆವು. ರೋಸ್ವಿಟಾರ ಮುಖ ಬೇಯಿಸಿದ ಬೀಟ್‌ರೂಟಿನ ಹಾಗೆ ಕೆಂಪಾಗಿ ಹೊಳೆಯುತ್ತಿತ್ತು. ತೃಪ್ತಿಯಿಂದ ಉಸಿರು ಬಿಟ್ಟು ಹೇಳಿದರು:

"ಒಂದೇ ಸಂಜೆಗೆ ಮೂರು ಸೌನಾ. ಇನ್ನು ಈ ವಾರಕ್ಕೆ ಒಂದು ಮಾಡಿದ್ರೆ ನಾಲ್ಕಾಯ್ತು ನನ್ನ ಲೆಕ್ಕ."

"ಮೂರಾ?" ಎಂದೆ.

"ಮೂರು. ನೀವು ಎಣಿಸಲಿಲ್ವಾ?"

ನನ್ನ ಸಾಸೇಜು ಕಡ್ಡಿಯಿಂದ ಜಾರಿ ಬೂದಿಗೆ ಬಿತ್ತು. ನಾನು ಎಣಿಸಿರಲಿಲ್ಲ. ಎಣಿಸುವುದಕ್ಕೆ ಏನಿತ್ತು? ನನ್ನ ಪಾಲಿಗೆ ನಾವು ಹೋದದ್ದು ಒಂದು ಸೌನಾಕ್ಕೆ. ವಾರಕ್ಕೆ ನಾಲ್ಕು ಬಾರಿ ಎಂದರೆ ನಮ್ಮೂರಿನಲ್ಲಿ ನಾಲ್ಕು ಸಂಜೆ. ಅವರ ಊರಿನಲ್ಲಿ ನಾಲ್ಕು ಬಾರಿ ಎಂದರೆ ನಾಲ್ಕು ಸಲ ಮರಳು ಇಳಿಯುವುದು, ಅದು ಒಂದೋ ಎರಡೋ ಸಂಜೆಯಲ್ಲೇ ಮುಗಿದು ಹೋಗುತ್ತದೆ. ಯಂತ್ರವೂ ಕೆಟ್ಟಿಲ್ಲ, ಯಾರೂ ಸುಳ್ಳೂ ಹೇಳಿಲ್ಲ.

ಬಾಯಿ ಬಿಡುವಂತಿರಲಿಲ್ಲ. ಸೊಳ್ಳೆ ಬಹಳ ಅಲ್ಲವೇ ಎಂದೆ. ಅವರನ್ನು ವಸತಿಗೃಹಕ್ಕೆ ಬಿಟ್ಟು ಬಂದ ಮೇಲೆ ಔಲಿಸ್ ಅವರಿಗೆ ಫೋನ್ ಮಾಡಿದೆ. ಆ ಕಡೆಯಿಂದ ನಗು. ಅವರು ಹಾಗೆ ನಕ್ಕದ್ದನ್ನು ನಾನು ಕೇಳಿಯೇ ಇಲ್ಲ.

"ಸಿಕ್ಕಿಬಿದ್ದಳು. ಎಷ್ಟು ವರ್ಷದಿಂದ ಒಂದನ್ನ ಮೂರು ಅಂತ ಬರೀತಿದ್ದಾಳೆ. ನಾಳೆ ಮೊದಲನೇ ಪ್ರಶ್ನೆಗೇ ಎತ್ತಿ ಬಿಸಾಕು ವಿರ್ಪಿ, ತುಂಬಿದ ಸಭೇಲಿ."

ಎತ್ತಿ ಬಿಸಾಕುತ್ತೇನೆ. ಖಾರದ ಉತ್ತರ ಹೊಸದಾಗಿ ಬರೆದಿದ್ದೇನೆ. ಗೆದ್ದ ಹಾಗೇ. ಆದರೂ ಊಟ ಸೇರಲಿಲ್ಲ, ಯಾಕೋ.

ಮೇ 25, ಶನಿವಾರ, ಬೆಳಿಗ್ಗೆ

ಬೇಗ ಬೇಗ ಬರೆಯುತ್ತೇನೆ, ಕಪ್ಪು ಉಡುಪಿಗೆ ಇನ್ನೂ ಇಸ್ತ್ರಿ ಆಗಿಲ್ಲ.

ಉತ್ತರವನ್ನು ಇನ್ನಷ್ಟು ಚೂಪು ಮಾಡೋಣ ಎಂದು ತಿಂಡಿಗೆ ಕೂತಾಗ ಇಲ್ಪೊನನ್ನು ಕೇಳಿದೆ, ಒಂದು ಸೌನಾ ಎಂದರೆ ಎಷ್ಟು ಎಂದು. ಮಗುವಿಗೂ ಗೊತ್ತಿರುವ ಪ್ರಶ್ನೆ. ಒಲೆ ಹೊತ್ತಿಸಿದಲ್ಲಿಂದ ಬೆಂಕಿ ಆರುವ ತನಕ ಒಂದು, ನಡುವೆ ಎಷ್ಟು ಸಲ ಹೊರಗೆ ಬಂದರೂ ಒಂದೇ ಎಂದ. ಸರಿಯಾಗಿದೆ ಎಂದುಕೊಂಡು ಬರೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅತ್ತೆ ಚಮಚ ಕೆಳಗಿಟ್ಟರು.

"ಬೆಂಕಿಗೂ ಅದಕ್ಕೂ ಏನೋ ಸಂಬಂಧ? ತಲೆ ತೊಳೆದು ಕಾಲುಚೀಲ ಹಾಕಿದ್ರೆ ಮುಗೀತು. ಆಮೇಲೆ ಹೋದ್ರೆ ಅದು ಇನ್ನೊಂದು."

ಹಾಗಾದರೆ ಹೋದ ಶನಿವಾರ ಮಧ್ಯಾಹ್ನ ತಾನು ಒಬ್ಬನೇ ಹೋಗಿ ಬಂದು, ಸಂಜೆ ಅದೇ ಬೆಂಕಿಗೆ ಮತ್ತೆ ಹೋದದ್ದು ಎರಡಾಯಿತೇ ಎಂದು ಇಲ್ಪೊ ಕೇಳಿದ. ಎರಡು ಎಂದರು ಅತ್ತೆ. ಒಂದು ಎಂದ ಇವನು. ಮಾತು ಬೆಳೆಯಿತು. ಅತ್ತೆ ಬುಧವಾರ ಬುಧವಾರ ಬಾಗಿಲು ಅರ್ಧ ತೆರೆದಿಟ್ಟು, ನೀರೂ ಹಾಕದೆ, ಬಟ್ಟೆಯಲ್ಲೇ ಕೂತು ಮಂಡಿ ಕಾಯಿಸಿಕೊಳ್ಳುತ್ತಾರಲ್ಲ, ಅದನ್ನೂ ಒಂದು ಎಂದು ಎಣಿಸುತ್ತಾರಂತೆ. ಅದು ಸೌನಾ ಅಲ್ಲ, ಅಡುಗೆಮನೆ ಎಂದು ಇಲ್ಪೊ ನಕ್ಕ.

ನಾನು ನಗಲಿಲ್ಲ. ಇವರಿಬ್ಬರೂ ನನ್ನ ಪ್ರಬಂಧದೊಳಗೇ ಇದ್ದಾರೆ, ಊರಿನ ಉಳಿದವರ ಹಾಗೆ. ವಾರಕ್ಕೆ ಎಷ್ಟು ಬಾರಿ ಎಂದು ನಾನೇ ಕೇಳಿ, ನಾನೇ ಬರೆದುಕೊಂಡದ್ದು. ಪಟ್ಟಿಯ ಅಗಲ ಬರೆದವಳು ಇದನ್ನು ಮಾತ್ರ ಬರೆಯಲಿಲ್ಲ, ಯಾರಿಗೆ ಗೊತ್ತಿಲ್ಲ ಎಂದು. ಲೆಕ್ಕ ತಲೆಕೆಳಗಾಗುವಷ್ಟು ದೊಡ್ಡ ವ್ಯತ್ಯಾಸವಲ್ಲ, ನಮ್ಮಲ್ಲಿ ಬಹುಮಂದಿ ಸಂಜೆಗೊಂದೇ ಎಣಿಸುವವರು. ಆದರೆ ಈಗ ಯಾವ ಬಾಯಿಂದ ರೋಸ್ವಿಟಾಗೆ ಕಲ್ಲು ಹೊಡೆಯಲಿ? ಮೊಳೆ ಹೊಡೆದಾಗಿದೆ. ಇಸ್ತ್ರಿ ಪೆಟ್ಟಿಗೆ ಕಾದಿದೆ, ಹೋಗುತ್ತೇನೆ.

ಮೇ 26, ಭಾನುವಾರ

ಒಂಬತ್ತರ ತನಕ ನಿದ್ದೆ ಮಾಡಿದೆ. ಕಾಲು ನೋವು, ಕುಣಿದದ್ದಕ್ಕೆ. ಅದು ಆಮೇಲೆ.

ಸಭಾಂಗಣ ತುಂಬಿತ್ತು. ಸೌನಾದ ವಿಷಯ ಎಂದು ನಮ್ಮ ಕೇಂದ್ರದವರು, ಅತ್ತೆಯ ಚರ್ಚಿನ ಗೆಳತಿಯರು, ದೋಣಿ ರಿಪೇರಿಯ ಮುದುಕ ಕೂಡ ಬಂದಿದ್ದ. ವೇದಿಕೆಯ ಮೇಲೆ ನಡುವೆ ಅಧ್ಯಕ್ಷತೆಗೆ ಔಲಿಸ್, ಒಂದು ಕಡೆ ನಾನು, ಎದುರಿಗೆ ರೋಸ್ವಿಟಾ. ವಾದ ಇಂಗ್ಲಿಷಿನಲ್ಲಿ. ಅತ್ತೆಗೆ ಇಲ್ಪೊ ಪಿಸುಗುಟ್ಟಿ ಹೇಳುತ್ತಿದ್ದ, ಮೂರನೆಯ ಸಾಲಿನ ತನಕ ಕೇಳುವ ಹಾಗೆ.

ಕೆಲಸ ಅಚ್ಚುಕಟ್ಟಾಗಿದೆ ಎಂದು ಹೊಗಳಿ ರೋಸ್ವಿಟಾ ಪುಟ ತಿರುಗಿಸಿದರು. ಔಲಿಸ್ ನನ್ನತ್ತ ನೋಡಿ ಹುಬ್ಬು ಕುಣಿಸಿದರು, ಈಗ ಎನ್ನುವಂತೆ.

"ಪಟ್ಟಿಯ ಅಗಲ ಬರೆದಿದ್ದೀರಿ, ಕುರ್ಚಿಯ ಎತ್ತರ ಬರೆದಿದ್ದೀರಿ. ಸೌನಾ ಅಂದ್ರೆ ಏನು ಅಂತ ಎಲ್ಲಿ ಬರೆದಿದ್ದೀರಿ?"

ಇಡೀ ಸಭೆ ಗೊಳ್ಳೆಂದು ನಕ್ಕಿತು. ಔಲಿಸ್ ಕೂಡ ನಕ್ಕರು. ರೋಸ್ವಿಟಾ ನಗು ನಿಲ್ಲುವ ತನಕ ಕಾದರು.

"ಎಲ್ಲರೂ ನಕ್ಕಿರಿ. ಅದೇ ನನ್ನ ಪ್ರಶ್ನೆ. ನಿಮಗೆಲ್ಲ ಗೊತ್ತಿದ್ದು ನನಗೆ ಗೊತ್ತಿಲ್ದೇ ಇರೋದು ಏನು?"

ಆಗ ನನಗೆ ಗೊತ್ತಾಯಿತು, ಹಿಂದಿನ ಸಂಜೆ ಜಗಲಿಯಲ್ಲಿ ಅವರೂ ನನ್ನ ಮುಖ ನೋಡಿದ್ದಾರೆ. ಬಿದ್ದ ಸಾಸೇಜು ನೋಡಿದ್ದಾರೆ. ರಾತ್ರಿಯೆಲ್ಲ ಅವರಿಗೂ ನಿದ್ದೆ ಬಂದಿರಲಿಕ್ಕಿಲ್ಲ. ಚೂಪು ಮಾಡಿಟ್ಟ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿ ಇದ್ದದ್ದು ಇದ್ದ ಹಾಗೆ ಹೇಳಿದೆ.

"ಎಲ್ಲೂ ಬರೆದಿಲ್ಲ. ಬರೀಬೇಕು ಅಂತ ಹೊಳೀಲಿಲ್ಲ. ನಿನ್ನೆ ಸಂಜೆ ನೀವು ಮೂರು ಸೌನಾ ಅಂದ್ರಿ, ನಾನು ಒಂದು ಅಂದ್ಕೊಂಡಿದ್ದೆ. ಇವತ್ತು ಬೆಳಿಗ್ಗೆ ನನ್ನ ಮನೆಯವರಿಬ್ಬರಿಗೇ ಒಮ್ಮತ ಇಲ್ಲ ಅಂತ ಗೊತ್ತಾಯ್ತು."

ಸಭೆ ಈಗ ನಗಲಿಲ್ಲ. ಔಲಿಸ್ ಅವರ ಕಡೆ ನೋಡುವ ಧೈರ್ಯವಾಗಲಿಲ್ಲ. ನೋಡಿದೆ. ಕಿವಿ ಕೆಂಪಾಗಿತ್ತು.

ರೋಸ್ವಿಟಾ ತಾವೂ ಎಲ್ಲಿಯೂ ಬರೆದಿಲ್ಲ ಎಂದು ಒಪ್ಪಿಕೊಂಡರು. ಮರಳು ಒಮ್ಮೆ ಇಳಿದರೆ ಒಂದು ಎನ್ನುವುದು ಅವರ ಊರಿನಲ್ಲಿ ಹೇಳಿ ತಿಳಿಸಬೇಕಾದ ಮಾತೇ ಅಲ್ಲವಂತೆ. ಆಮೇಲೆ ಕನ್ನಡಕ ತೆಗೆದು ನಿಧಾನವಾಗಿ ಕೇಳಿದರು, ತಮ್ಮ ನಾಲ್ಕು ಎಂದರೆ ನಮ್ಮ ಲೆಕ್ಕದಲ್ಲಿ ಒಂದೋ ಎರಡೋ ತಾನೇ. ನನ್ನ ಪ್ರಬಂಧದಲ್ಲಿ ವಾರಕ್ಕೆ ಒಂದೆರಡು ಬಾರಿ ಮಾತ್ರ ಹೋಗುವವರ ರಕ್ತದೊತ್ತಡಕ್ಕೆ ಏನಾಗಿದೆ?

"ಏನೂ ಆಗಿಲ್ಲ" ಎಂದೆ.

"ನಾನೂ ಅದನ್ನೇ ಬರೆದಿದ್ದೆ" ಎಂದರು ರೋಸ್ವಿಟಾ.

ಇಷ್ಟು ವರ್ಷ ಔಲಿಸ್, ರೋಸ್ವಿಟಾ ಇಬ್ಬರೂ ಒಂದೇ ಮಾತು ಹೇಳುತ್ತಿದ್ದರು. ನನಗೆ ಅಳು ಬಂತು, ನಗುವೂ ಬಂತು, ಎರಡನ್ನೂ ತಡೆದುಕೊಂಡು ನೀರು ಕುಡಿದೆ.

ಉಳಿದ ಪ್ರಶ್ನೆಗಳು ಸರಾಗವಾಗಿ ನಡೆದವು. ಕೊನೆಗೆ ಪದ್ಧತಿಯ ಪ್ರಕಾರ, ಸಭೆಯಲ್ಲಿ ಯಾರಿಗಾದರೂ ಆಕ್ಷೇಪವಿದ್ದರೆ ಎದ್ದು ಹೇಳಬಹುದು ಎಂದು ನಮ್ಮ ಭಾಷೆಯಲ್ಲಿ ಕರೆ ಕೊಟ್ಟೆ. ಯಾರೂ ಎದ್ದದ್ದನ್ನು ನಾನು ಯಾವತ್ತೂ ನೋಡಿಲ್ಲ. ಅತ್ತೆ ಎದ್ದರು. ಚರ್ಚಿನ ಉಡುಪು, ತೋಳಿಗೆ ಕೈಚೀಲ.

"ನನ್ನ ಮಂಡೀದನ್ನ ಎಣಿಸ್ತೀಯೋ ಇಲ್ವೋ ವಿರ್ಪಿ? ಅಷ್ಟು ಹೇಳು."

"ಅದು ಸೌನಾ ಅಲ್ಲಮ್ಮ" ಎಂದ ಇಲ್ಪೊ, ಕೂತಲ್ಲಿಂದಲೇ.

ಅಷ್ಟೇ ಸಾಕಾಯಿತು. ಚರ್ಚಿನ ಗೆಳತಿಯರು ಅತ್ತೆಯ ಪರ ನಿಂತರು. ನಮ್ಮ ಕೇಂದ್ರದವರು ಇಲ್ಪೊನ ಪರ. ಈಜುಕೊಳದ ಸೌನಾವನ್ನು ಎಣಿಸಬೇಕೇ ಎಂದು ಹಿಂದಿನ ಸಾಲಿನವರು. ವಿದ್ಯುತ್ ಒಲೆಯದು ಅರ್ಧ ಎಂದು ದೋಣಿಯ ಮುದುಕ. ಔಲಿಸ್ ಮೇಜು ಬಡಿದರು, ಮತ್ತೆ ಬಡಿದರು, ಕೊನೆಗೆ ಎದ್ದು ನಿಂತು "ಹಬೆ ಹಾಕದಿದ್ರೆ ಅದು ಸೌನಾನೇ ಅಲ್ಲ" ಎಂದು ಗುಡುಗಿದರು. ಆಮೇಲೆ ತಾನು ಅಧ್ಯಕ್ಷ ಎನ್ನುವುದು ನೆನಪಾಗಿ ಕೂತರು. ನಾನು ಇದನ್ನೆಲ್ಲ ರೋಸ್ವಿಟಾಗೆ ತರ್ಜುಮೆ ಮಾಡುತ್ತಿದ್ದೆ. ಅವರು ಬರೆದುಕೊಳ್ಳುತ್ತಿದ್ದರು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಾ. ಆಮೇಲೆ ಎದ್ದು, ಪ್ರಬಂಧವನ್ನು ಸ್ವೀಕರಿಸಬೇಕೆಂದು ಶಿಫಾರಸು ಮಾಡುತ್ತೇನೆ ಎಂದರು. ಅಂದರೆ ನಾನು ಪಾಸು. ಅತ್ತೆ ಇನ್ನೂ ನಿಂತೇ ಇದ್ದರು.

ಕಾಫಿಯ ಹೊತ್ತಿನಲ್ಲಿ ಔಲಿಸ್ ನನ್ನ ಜೊತೆ ಮಾತಾಡಲಿಲ್ಲ. ಅದು ನೋವಾಯಿತು. ಸಂಜೆ ಔತಣದಲ್ಲಿ ಪಕ್ಕದಲ್ಲೇ ಕೂತರೂ ಮೀನು ಕೆದಕುತ್ತಿದ್ದರು. ನಾನು ಎದ್ದು ಎದುರಾಳಿಗೆ ಧನ್ಯವಾದ ಹೇಳಿ, ಆಮೇಲೆ ಅವರಿಗೆ ಹೇಳಿದೆ. ಕೂತ ಮೇಲೆ ಮೆಲ್ಲಗೆ ಬೇಜಾರಾಯಿತೇ ಎಂದು ಕೇಳಿದೆ.

"ನೀನು ಸರಿಯಾಗೇ ಹೇಳಿದೆ ಕಣಮ್ಮ" ಎಂದರು. "ಆದ್ರೆ ಹೋಗೋಕ್ಮುಂಚೆ ಗೆಲ್ಬೇಕು ಅಂತಿದ್ದೆ. ಈಗ ನೋಡಿದ್ರೆ ಗೆಲ್ಲೋಕೆ ಏನೂ ಇಲ್ಲ. ಜಗಳವೇ ಇರ್ಲಿಲ್ವಲ್ಲ."

ಆಟದ ನಡುವೆ ಚೆಂಡು ಕಳೆದುಕೊಂಡವರ ಹಾಗಿತ್ತು ಮುಖ. ನನ್ನ ಆ ಬದಿಯಿಂದ ರೋಸ್ವಿಟಾ ಬಾಗಿ, ಏನಂತೆ ಎಂದು ಕೇಳಿದರು. ಹೇಳಿದೆ. ಸ್ವಲ್ಪ ಯೋಚಿಸಿ, ಹಾಗೇನಿಲ್ಲ, ತನಗೆ ಒಂದು ಅನುಮಾನವಿದೆ ಎಂದರು. ರಕ್ತದೊತ್ತಡ ಇಳಿಸುವುದು ಬಿಸಿಯಲ್ಲ, ನಡುವೆ ಹೊರಗೆ ಬಂದು ತಣ್ಣಗೆ ಮಲಗುವುದು. ಔಲಿಸ್ ಮುಳ್ಳುಚಮಚ ಕೆಳಗಿಟ್ಟರು. ಬೆನ್ನು ನೆಟ್ಟಗಾಯಿತು. ಅಸಂಬದ್ಧ, ಬಿಸಿಯೇ ಎಂದರು. ಮಲಗುವುದೇ ಎಂದರು ರೋಸ್ವಿಟಾ. ಇಬ್ಬರೂ ನನ್ನ ಎದೆಯ ಮುಂದಿನಿಂದ ಮಾತಾಡುತ್ತಿದ್ದರು, ನನಗೆ ಮೀನು ತಿನ್ನಲು ಆಗುತ್ತಿರಲಿಲ್ಲ. ಕೊನೆಗೆ ಔಲಿಸ್ ಎದ್ದು, "ಸ್ವಲ್ಪ ಆ ಕಡೆ ಸರಿಯಮ್ಮ" ಎಂದು ನನ್ನ ಕುರ್ಚಿಯಲ್ಲಿ ಕೂತು ಪೆನ್ನು ಕೇಳಿದರು. ನಾನು ಇಲ್ಪೊನ ಜೊತೆ ಕುಣಿಯಲು ಹೋದೆ.

ಜೂನ್ 2, ಭಾನುವಾರ

ಮೊನ್ನೆ ಕೇಂದ್ರಕ್ಕೆ ದೋಣಿಯ ಮುದುಕ ಮತ್ತೆ ಬಂದಿದ್ದ. ಈ ಸಲ, ದಿನಕ್ಕೆ ಎಷ್ಟು ಬಿಯರ್ ಎಂದು ಕೇಳಿದೆ. ತಡವರಿಸದೆ ಹೇಳಿದ. ಪಾಪ, ಯಾವತ್ತೂ ಸುಳ್ಳು ಹೇಳುವವನಲ್ಲ.

ಮಧ್ಯಾಹ್ನ ಇಲ್ಪೊ ಬಂದು "ಜಗಲಿ ಆಯ್ತು" ಎಂದ. ಲೋಟ ಹಿಡಿದು ಎದ್ದವಳು ನಿಂತು, ಆಯ್ತು ಅಂದರೆ ಏನೇನು ಆಯ್ತು ಎಂದು ಕೇಳಿದೆ. ಅವನು ನನ್ನನ್ನೇ ನೋಡಿದ, ಜ್ವರ ಬಂದಿದೆಯೋ ಎನ್ನುವ ಹಾಗೆ. ಆಮೇಲೆ ಕೂತು ಹೇಳಿದ. ಉಜ್ಜಿದ್ದಾನೆ, ಬಣ್ಣ ಒಂದು ಕೈ ಹಾಕಿದ್ದಾನೆ, ಅದಿನ್ನೂ ಒಣಗಿಲ್ಲ. ಹಾಗಾಗಿ ಇಬ್ಬರೂ ಹುಲ್ಲಿನ ಮೇಲೆ ಕೂತು ಕಾಫಿ ಕುಡಿದೆವು. ಪಕ್ಕದ ದೋಣಿಕಟ್ಟೆಯಿಂದ ಅತ್ತೆ ಕೂಗಿ ಹೇಳಿದರು, ಈ ಬುಧವಾರ ತಮ್ಮ ಮಂಡಿಗೆ ರಜೆಯಂತೆ, ಎಣಿಸದಿದ್ದ ಮೇಲೆ ಯಾಕೆ ಹೋಗಬೇಕು ಎಂದು. ಹೊಸ ಪ್ರಶ್ನೆಪತ್ರದಲ್ಲಿ ಮಂಡಿಗೂ ಒಂದು ಸಾಲು ಬರೆದಿದ್ದೇನೆ ಎಂದು ನಾನೂ ಕೂಗಿದೆ.

ಎರಡೂ ಊರಿನವರನ್ನು ಹೊಸದಾಗಿ ಕೇಳಲು ಮಾಡುತ್ತಿರುವ ಆ ಪ್ರಶ್ನೆಪತ್ರ ಈಗ ಔಲಿಸ್, ರೋಸ್ವಿಟಾ, ನಾನು ಮೂವರದು. ಮೊದಲ ಪುಟ ಪೂರ್ತಿ ಸೌನಾ ಎಂದರೆ ಏನು ಎನ್ನುವುದೇ: ಹಬೆ, ಹೊತ್ತು, ಬಾಗಿಲು, ಮಲಗುವುದು, ಕಾಲುಚೀಲ. ರೋಸ್ವಿಟಾ ತಮ್ಮ ಮರಳು ಗಡಿಯಾರವನ್ನು ನಮ್ಮ ಸೌನಾದಲ್ಲೇ ಮರೆತು ಹೋಗಿದ್ದಾರೆ. ಮರೆತದ್ದಲ್ಲ, ಬಿಟ್ಟು ಹೋದದ್ದು ಎಂದು ಅತ್ತೆಯ ಅಭಿಪ್ರಾಯ. ದಿನಾ ಮೊಟ್ಟೆ ಬೇಯಿಸಲು ತೆಗೆದುಕೊಂಡು ಹೋಗುತ್ತಾರೆ.

ಸಂಜೆ ಔಲಿಸ್ ಫೋನ್ ಮಾಡಿದರು. ರೋಸ್ವಿಟಾ ಜೊತೆ ಬೆಳಿಗ್ಗೆಯಿಂದ ಮಾತಾಡಿದ್ದಾರಂತೆ, ಮಲಗುವುದರಿಂದಲೇ ಎಂದು ಆಕೆ ಇನ್ನೂ ಹಟ ಹಿಡಿದಿದ್ದಾರಂತೆ. ಯಾವ ಮಾತಿಗೆ ಏನು ಅರ್ಥ ಎಂದು ಇಬ್ಬರೂ ಪುಟಗಟ್ಟಲೆ ಒಪ್ಪಿಕೊಂಡಾಗಿದೆ. ಹೊಸ ಅಂಗಿ ಹಾಕಿಕೊಂಡ ಹುಡುಗನ ದನಿಯಲ್ಲಿ ಹೇಳಿದರು:

"ವಿರ್ಪಿ, ಇಷ್ಟು ವರ್ಷದಲ್ಲಿ ಇದೇ ಮೊದಲ ಸಲ ಅವಳು ನಿಜವಾಗ್ಲೂ ತಪ್ಪು ಹೇಳ್ತಿದ್ದಾಳೆ."

ನಿವೃತ್ತಿಯನ್ನು ಎರಡು ವರ್ಷ ಮುಂದೆ ಹಾಕಲು ಕೇಳಿಕೊಂಡಿದ್ದಾರಂತೆ.